ಮಚ್ಛೇಂದ್ರನ ಸಾಲು

ಇದನ್ನು ಹೇಳಲು ನಾನು ತಕ್ಕವನೋ ಅಲ್ಲವೋ ಎಂಬ ಅಳುಕು ಇನ್ನೂ ಹೋಗಿಲ್ಲ. ಕಂಪ್ಯೂಟರಿನ ಮೂರು ಕೀಲಿಗಳಿಂದ ಆದ ಸಣ್ಣ ಸಂಗತಿ. ಆ ಮನೆಯ ದುಃಖ ನನ್ನದಲ್ಲ, ಆ ಹುಡುಗಿ ಕಾದದ್ದೂ ನನಗಾಗಿ ಅಲ್ಲ. ಹೇಳುವಲ್ಲಿ ಹೆಚ್ಚುಕಡಿಮೆಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

"ಔರಾದದವ್ರು ಮಕ್ಕಳಿಗಿ ಹಡದು ಮರ್ತಾರೇನ್ರಿ?" ಅಡುಗೆಯ ಕಾಂತಾಬಾಯಿ ಖಾಲಿ ಕೊಡವನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಬೀದರದವ್ರು ಬಂದ್ರು, ನಮ್ಮ ಭಾಲ್ಕಿಯವ್ರು ಬಂದ್ರು. ಇವರಿಗೇನು ಧಾಡಿ?"

ಭಾಲ್ಕಿಯ ಅಂಚಿನಲ್ಲಿದ್ದ ಆ ವಸತಿ ನಿಲಯದ ಬೋರು ಬತ್ತಿಹೋಗಿತ್ತು. ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತರಿಸಿದ ಬೇಸಿಗೆ ಅದು. ಪುಣೆ, ಹೈದರಾಬಾದಿಗೆ ದುಡಿಯಲು ಹೋದವರ ಮಕ್ಕಳನ್ನು ಒಂದು ಸಂಸ್ಥೆ ಅಲ್ಲಿಟ್ಟುಕೊಂಡು ಶಾಲೆಗೆ ಕಳಿಸುತ್ತಿತ್ತು. ಶನಿವಾರದೊಳಗೆ ಬಂದು ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದು ತಂದೆತಾಯಿಗಳೆಲ್ಲರ ಫೋನಿಗೆ ಸಂದೇಶ ಕಳಿಸಿದವಳು ಶಾಲುಬಾಯಿ. ಅಲ್ಲಿನ ಕಂಪ್ಯೂಟರ್ ಕೆಲಸ ಅವಳದು. ಈಗ ಶನಿವಾರ ಮಧ್ಯಾಹ್ನ ದಾಟಿತ್ತು. ಗಂಟು ಕಟ್ಟಿಕೊಂಡು ಮೆಟ್ಟಿಲ ಮೇಲೆ ಉಳಿದ ಮಕ್ಕಳೆಲ್ಲ ಔರಾದ ತಾಲ್ಲೂಕಿನವರೇ.

ಕೆಳಗಿನ ಮೆಟ್ಟಿಲಲ್ಲಿ ಡಾಬಕಾದ ಬಾನು ಕುಳಿತಿದ್ದಳು. ಅವಳ ಅಪ್ಪ ಮಡೆಪ್ಪ ಮೇವಿಲ್ಲದೆ ಕುರಿಗಳನ್ನು ಮಾರಿ, ಹೆಂಡತಿಯೊಂದಿಗೆ ಪುಣೆಗೆ ಹೋಗಿದ್ದ.

"ಅಕ್ಕೋರೆ, ನಮ್ಮಪ್ಪಗ ಮೆಸೇಜು ಮುಟ್ಟ್ಯದಲ್ರಿ?"

"ಮುಟ್ಟ್ಯದವ್ವಾ. ಎಲ್ಲರಿಗೂ ಒಂದೇ ಸಲಕ್ಕ ಹೋಗ್ತದ."

"ಅವನಿಗಿ ಓದ್ಲಾಕ ಬರಲ್ರಿ. ಯಾರ ಕಡಿಂದಾದ್ರೂ ಓದಿಸ್ಕೋತಾನ. ಅದಕ್ಕೇ ತಡಾ ಆಗಿರ್ಬೇಕು."

ಹೌದೆಂದು ತಲೆಯಾಡಿಸಿ ಒಳಗೆ ಬಂದ ಶಾಲುಬಾಯಿ ಪಟ್ಟಿ ತೆರೆದಳು. ಮೊದಲು ಬೀದರ ತಾಲ್ಲೂಕು, ಆಮೇಲೆ ಭಾಲ್ಕಿ, ಕೊನೆಗೆ ಔರಾದ. ಫೋನ್ ನಂಬರುಗಳ ಮೊದಲ ಮನೆಯ, ಅಂದರೆ ಮೊದಲ ಚೌಕದ ಮೇಲೆ ನಿಂತು ಕೈಗೆ ರೂಢಿಯಾದಂತೆ ಮೂರು ಕೀಲಿ ಒತ್ತಿದಳು. ಬೀದರದ ಸಂಜೆ ಕ್ಲಾಸಿನಲ್ಲಿ ಬದ್ರೋದ್ದೀನ ಸರ್ ಕಲಿಸಿದ್ದು ಅದು: "ಮೌಸ್ ಎಳ್ಕೋತ ಕೂತ್ರ ಸಂಜಿ ಆಗ್ತದ ಬೇಟಿ. ಕಂಟ್ರೋಲ್ ಹಿಡಿ, ಶಿಫ್ಟ್ ಹಿಡಿ, ಕೆಳಗಿನ ಬಾಣ ಒತ್ತು. ಖಲಾಸ್! ತುದಿ ತನಕ ಹಿಡೀತದ." ಉಳಿದವರು ಮೌಸ್ ಎಳೆಯುತ್ತಿದ್ದಾಗ ಅವಳದು ಮೊದಲೇ ಮುಗಿಯುತ್ತಿತ್ತು. ಅದೊಂದು ಹೆಮ್ಮೆ.

ಪ್ರತಿ ಭಾನುವಾರ ಮಕ್ಕಳ ಸುದ್ದಿ ತಿಳಿಸುವಾಗ ಒತ್ತಿದ ಕೂಡಲೇ ನಕಲು ಮಾಡಿ ಸಂದೇಶ ಕಳಿಸಿಬಿಡುತ್ತಿದ್ದಳು. ಹಿಡಿದ ಮನೆಗಳಿಗೆ ಬರುವ ಬಣ್ಣ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಇವತ್ತು ನೋಡಿದಳು. ಅದು ಬೀದರ ದಾಟಿ, ಭಾಲ್ಕಿಯವರ ಕೊನೆಗೆ ಬಂದು, ಒಂದು ಖಾಲಿ ಸಾಲಿನ ಅಂಚಿಗೆ ನಿಂತುಬಿಟ್ಟಿತ್ತು. ಔರಾದದ ನಂಬರುಗಳೆಲ್ಲ ಕೆಳಗೆ ಬೆಳ್ಳಗೇ ಉಳಿದಿದ್ದವು.

ಆ ಸಾಲು ಅವಳ ತಮ್ಮ ಮಚ್ಛೇಂದ್ರನದು. ತಿಂಗಳೊಪ್ಪತ್ತಿನ ಹಿಂದೆ ಹೈದರಾಬಾದಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ಸತ್ತಿದ್ದ. ಇದೇ ನಿಲಯದಲ್ಲಿದ್ದ ಅವನ ಮಗನನ್ನು ತಾಯಿ ತನ್ನ ತವರು ಕಮಠಾಣಕ್ಕೆ ಕರೆದುಕೊಂಡು ಹೋದಳು. ಪಟ್ಟಿಯಿಂದ ತೆಗೆಯಿರಿ ಎಂದಿದ್ದರು ಮೇಲಿನವರು. ಶಾಲುಬಾಯಿ ಹೆಸರು ಅಳಿಸಿದಳು, ನಂಬರು ಅಳಿಸಿದಳು. ಸಾಲನ್ನೇ ತೆಗೆದರೆ ಕೆಳಗಿನವರು ಮೇಲೆ ಸರಿದು ಅವನ ಜಾಗ ತುಂಬುತ್ತಾರೆ. ಅದು ಅವಳ ಕೈಲಿ ಆಗಲಿಲ್ಲ. ಅವರ ಮನೆಯಲ್ಲಿ ಸತ್ತವರು ಉಣ್ಣಲು ಕೂರುತ್ತಿದ್ದ ಜಾಗದಲ್ಲಿ ವರ್ಷ ತುಂಬುವವರೆಗೆ ಯಾರೂ ಕೂರುವುದಿಲ್ಲ. ತಾಯಿ ಕೇಶರಬಾಯಿಯ ತಾಟಿಗೂ ಅವಳ ತಾಟಿಗೂ ನಡುವೆ ಈಗಲೂ ಒಬ್ಬ ಆಳಿನಷ್ಟು ನೆಲ ಖಾಲಿ.

ಖಾಲಿ ಮನೆ ಬಂದರೆ ಬಾಣ ಅಲ್ಲೇ ನಿಲ್ಲುತ್ತದೆಂದು ಸರ್ ಹೇಳಿದ್ದರೇ? ಕೊನೆಯ ಬಸ್ಸು ತಪ್ಪೀತೆಂದು ಅವಳೇ ಅಂದು ಮೊದಲು ಎದ್ದು ಬಂದಿದ್ದಳೇ? ನೆನಪಾಗಲಿಲ್ಲ.

ಒಂದೊಂದೇ ನಂಬರಿಗೆ ತಾನೇ ಫೋನು ಹಚ್ಚಿದಳು. ಬೈದರು, ಅತ್ತರು, ಮರುದಿನ ಬಂದರು. ಮಡೆಪ್ಪನ ಫೋನು ಮಾತ್ರ ಬಂದ್ ಇತ್ತು.

ಅವನೊಂದಿಗೆ ಪುಣೆಯಲ್ಲಿದ್ದ ಧೊಂಡಿಬಾ ಮಗನನ್ನು ಕರೆದೊಯ್ಯಲು ಬಂದ.

"ತಿಂಗಳ ಮ್ಯಾಲಾತು, ಒಂದು ಸುದ್ದಿ ಇಲ್ಲ. ಓದಿದವ್ರಿಗೆ ನಮ್ಮ ನೆನಪೆಲ್ಲಿರ್ತದ, ಬಿಡ್ರಿ," ಎಂದ.

"ನನ್ನ ಕೈಲಿಂದ ತಪ್ಪಾಗ್ಯದ ಅಣ್ಣಾ," ಎಂದಳು ಶಾಲುಬಾಯಿ. "ಮಡೆಪ್ಪಣ್ಣ ಎಲ್ಲಿದಾನ?"

ಧೊಂಡಿಬಾನ ಸಿಟ್ಟು ಸ್ವಲ್ಪ ಇಳಿಯಿತು. "ಐತವಾರ ಬಂತಂದ್ರ ಫೋನ್ ತಗೊಂಡು ಬರ್ತಿದ್ದ. ‘ನೋಡೋ ಧೊಂಡ್ಯಾ, ಬಾನೂದು ಬಂದದೇನು?’ ಅಂತಿದ್ದ. ಇಲ್ಲ ಅಂದ್ರ ‘ನಿನಗೇ ಓದ್ಲಾಕ ಬರಲ್ಲ’ ಅಂತ ನಗ್ಯಾಡತಿದ್ದ. ಆಮ್ಯಾಲ ಕೆಲಸ ಮುಗೀತು. ಗಂಡಹೆಂಡ್ರು ಯಾವ ಕಡಿ ಹೋದ್ರೋ."

ಬಾನು ಬಾಗಿಲ ಬಳಿ ನಿಂತು ಕೇಳುತ್ತಿದ್ದಳು.

ಡಾಬಕಾದ ಮನೆಗೆ ಬೀಗ. ಸಂಜೆ ಶಾಲುಬಾಯಿ ಅವಳನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಕೇಶರಬಾಯಿ ಇನ್ನೆರಡು ರೊಟ್ಟಿ ತಟ್ಟಿದಳು. ತಾಟು ಹಿಡಿದುಕೊಂಡು ಬಂದ ಹುಡುಗಿ ತಾಯಿ ಮಗಳ ನಡುವೆ ಜಾಗವಿದ್ದದ್ದು ಕಂಡು ಅಲ್ಲೇ ಕುಳಿತುಬಿಟ್ಟಳು.

ಶಾಲುಬಾಯಿ ತುತ್ತನ್ನು ತಾಟಿಗೇ ಇಳಿಸಿದಳು. ಆ ಕಡೆ ಸರಿ ಎನ್ನಲು ಹೋಗಿ ತಾಯಿಯ ಕಡೆ ನೋಡಿದಳು. ಕೇಶರಬಾಯಿ ಹುಡುಗಿಯನ್ನು ನೋಡಿದಳು, ಕುಳಿತ ನೆಲವನ್ನು ನೋಡಿದಳು.

"ಏಳ್ಲೇನ್ರಿ ಮುತ್ತಿ?" ಎಂದಳು ಬಾನು, ಅರ್ಧ ಏಳುತ್ತ.

"ಕೂಡು," ಎಂದಳು ಮುದುಕಿ. "ಅಲ್ಲಿ ಗಾಳಿ ಛಲೋ ಬರ್ತದ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆಯ ಹೊಗೆ ಅಂದಳು.

ಮರುದಿನ ಶಾಲುಬಾಯಿ ಪಟ್ಟಿಯ ಆ ಖಾಲಿ ಮನೆಯಲ್ಲಿ ತನ್ನ ಫೋನಿನ ನಂಬರನ್ನೇ ತುಂಬಿದಳು. ಬಾನು ಭಾಲ್ಕಿಯಲ್ಲಿ ನನ್ನ ಮನೆಯಲ್ಲಿದ್ದಾಳೆ, ಮಡೆಪ್ಪಣ್ಣನನ್ನು ಕಂಡವರು ಹೇಳಿರಿ ಎಂದು ಬರೆದು, ಮೂರು ಕೀಲಿ ಒತ್ತಿದಳು. ಬಣ್ಣ ಎಲ್ಲಿಯೂ ನಿಲ್ಲದೆ ತುದಿಯವರೆಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿದ್ದ ಅವಳ ಫೋನು ಗುಂಯ್ ಎಂದಿತು.

ಅವಳು ಈಗಲೂ ಪ್ರತಿ ಭಾನುವಾರ ಅದನ್ನೇ ಕಳಿಸುತ್ತಾಳೆ. ಫೋನು ಗುಂಯ್ ಎಂದಾಗ ಬಾನು ಓಡಿ ಬಂದು ಎತ್ತಿಕೊಂಡು ನೋಡುತ್ತಾಳೆ, ಅವರದೇ ಸಂದೇಶ. ಆ ಭಾನುವಾರಗಳ ಸಂದೇಶ ಮೊದಲೇ ಮುಟ್ಟಿದ್ದರೆ ಮಡೆಪ್ಪ ಹೊಸ ನಂಬರು ತಿಳಿಸಿ ಹೋಗುತ್ತಿದ್ದನೋ ಏನೋ, ನನಗೆ ಗೊತ್ತಿಲ್ಲ. ಪಟ್ಟಿಯ ತುದಿಯಲ್ಲಿ ಅವನ ನಂಬರು ಇದೆ. ಆ ಫೋನು ಈಗ ಯಾರ ಕಿಸೆಯಲ್ಲಿದೆ ಎಂಬುದೂ ಗೊತ್ತಿಲ್ಲ.