ಇಂಗ್ಲೆಂಡಿನ ಇನ್‌ಸ್ಪೆಕ್ಟರಿಗೆ ಕೋಟದ ಧ್ವನಿ

ಪರದೆಯ ಮೇಲಿನ ಇನ್‌ಸ್ಪೆಕ್ಟರ್ ಬಾಯಿ ಮುಚ್ಚಿ ಬಹಳ ಹೊತ್ತಾಗಿತ್ತು. ಮೈಕಿನ ಮುಂದೆ ನಿಂತ ಭೋಜರಾಜ ಮಾತ್ರ ಇನ್ನೂ ಮುಗಿಸಿರಲಿಲ್ಲ.

“ಎಲವೋ ಪಾತಕಿ! ನಿನ್ನ ಈ ಮೌನವೇ ನಿನ್ನ ಪಾಪಕ್ಕೆ ಸಾಕ್ಷಿ! ಆ ಸೂರ್ಯಚಂದ್ರರು ನೋಡಿಲ್ಲವೆಂದು ಬಗೆದೆಯಾ?”

ಗಾಜಿನ ಆಚೆ ಕೂತಿದ್ದ ರಮ್ಯಶ್ರೀ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ವಿದೇಶದ ಧಾರಾವಾಹಿಗಳಿಗೆ ಕನ್ನಡದ ಧ್ವನಿ ಕೊಡಿಸುವ ಈ ಸ್ಟುಡಿಯೋ ಅವಳದೇ. ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ, ರಕ್ತ ಪರೀಕ್ಷೆ ಮಾಡುವವರ ಮೇಲಿನ ಮಹಡಿಯಲ್ಲಿ ಎರಡು ಕೋಣೆ.

“ಭೋಜಣ್ಣಾ, ಅವ ಬಾಯಿ ಮುಚ್ಕಂಡ್ ಕೂತಿದ್ದ.”

“ಬಾಯಿ ಮುಚ್ಕಂಡ್ರೆ ಎಂತಾಯ್ತ್? ಮನ್ಸಿನೊಳ್ಗೆ ಎಂತ ಇತ್ತ್ ಅಂದ್ ಜನಕ್ಕೆ ಹೇಳುದ್ ಬ್ಯಾಡ್ದಾ?”

“ಬ್ಯಾಡ.”

ಭೋಜರಾಜನಿಗೆ ಅದು ಅರ್ಥವಾಗುವ ಮಾತಾಗಿರಲಿಲ್ಲ. ಇಪ್ಪತ್ತೈದು ವರ್ಷ ಯಕ್ಷಗಾನ ಮೇಳದಲ್ಲಿ ವೇಷ ಕಟ್ಟಿದವನು. ಭಾಗವತರು ಎರಡು ಸಾಲು ಪದ್ಯ ಹೇಳಿದರೆ ಅದರ ಮೇಲೆ ಅರ್ಧ ಗಂಟೆ ಮಾತು ಕಟ್ಟುವುದು ಅವನ ಕಸುಬು. ಮೊಣಕಾಲು ಕೈಕೊಟ್ಟು ಮೇಳ ಬಿಟ್ಟ ಮೇಲೆ ಅವನಲ್ಲಿ ಉಳಿದದ್ದು ಧ್ವನಿಯೊಂದೇ. ಅದನ್ನು ಕೇಳುವವಳು ಕೋಟದ ಮನೆಯಲ್ಲಿ ಹೆಂಡತಿ ನಾಗು ಒಬ್ಬಳೇ, ಅವಳೂ ಪೂರ್ತಿ ಕೇಳುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ರಮ್ಯಶ್ರೀ ಕರೆದು ಅಮೆರಿಕದ ಪೊಲೀಸನ ಪಾತ್ರ ಕೊಟ್ಟಾಗ ಅವನಿಗೆ ಮತ್ತೆ ಕಿರೀಟ ಇಟ್ಟಂತಾಗಿತ್ತು. ಆ ಪೊಲೀಸ ಬಾಗಿಲು ತಟ್ಟುವವನಲ್ಲ, ಒದೆಯುವವನು. ಕಾರಿನ ಮೇಲೆ ಕಾರು ಹಾರಿಸಿ, ಗುಂಡು ಹೊಡೆದು, ಆಮೇಲೆ ಪ್ರಶ್ನೆ ಕೇಳುವವನು. ಭೋಜರಾಜನ ಅಬ್ಬರಕ್ಕೆ ಕೆಳಗಿನ ಲ್ಯಾಬಿನಲ್ಲಿ ರಕ್ತ ಕೊಡಲು ಕೂತ ಹೆಂಗಸೊಬ್ಬಳು ಸೂಜಿ ಚುಚ್ಚುವ ಮೊದಲೇ ಕಿರುಚಿದ್ದಳು.

ಈಗಿನ ಧಾರಾವಾಹಿ ಇಂಗ್ಲೆಂಡಿನದು. ಕಡಲ ತೀರದ ಸಣ್ಣ ಊರು, ಒಂದೇ ಕೊಲೆ, ಆರು ಕಂತು.

“ಇವ ಎಂತ ಪೊಲೀಸ್ ಮಾರಾಯ್ತಿ? ಪಂಚಾಯ್ತಿ ಕ್ಲರ್ಕ್ ಇದ್ದಂಗ್ ಇದ್ದ. ಕೋವಿ ಇಲ್ಲೆ, ಓಟ ಇಲ್ಲೆ. ಮನಿಮನಿಗ್ ಹೋತ, ಚಾ ಕುಡಿತ, ‘ಹೌದಾ’ ಅಂತ, ವಾಪಾಸ್ ಬತ್ತ!”

ರಮ್ಯಶ್ರೀ ನಕ್ಕಳು. ಆಮೇಲೆ ನಗು ತಡೆದು ಹೇಳಿದಳು: “ಭೋಜಣ್ಣ, ನಾಳೆ ಒಂದಿನ ಕಾಂಬ. ಆಯ್ಲಿಲ್ಲೆ ಅಂದ್ರೆ ಕಂಪೆನಿಯವ್ರ್ ಈ ಪಾತ್ರ ಮಣಿಪಾಲದ ಶೈಲೇಶನಿಗೆ ಕೊಡ್ತ್ರ್ ಅಂಬ್ರ್. ನನ್ ಕೈಯಗ್ ಇಲ್ಲೆ.”

ಸಂಜೆ ಭೋಜರಾಜ ಕೋಟದಲ್ಲಿ ಬಸ್ಸಿಳಿದು ಮನೆ ಸೇರಿದಾಗ ನಾಗು ಜಗಲಿಯಲ್ಲಿ ಅಲಸಂಡೆ ಮುರಿಯುತ್ತಿದ್ದಳು. ಎದ್ದು ಚಾ ತಂದುಕೊಟ್ಟು ಮತ್ತೆ ಎದುರು ಕೂತಳು. ಅಲಸಂಡೆ ಕೈಗೆತ್ತಿಕೊಂಡಳು. ಅವನ ಎದೆಯ ಕಡೆ ನೋಡಿದಳು.

“ಎಂತ ಹಾಂಗ್ ಕಾಂತೆ?”

ನಾಗು ಇನ್ನೊಂದು ಅಲಸಂಡೆ ಮುರಿದಳು.

“ಬಸ್ಸಿಳಿದ್ ಸೀದಾ ಬಂದೆ.”

“ಹೌದಾ?”

“ಹೋಟ್ಲಿಗ್ ಹೋಯ್ಲಿಲ್ಲೆ.” ಇನ್ನೊಂದು ಗುಟುಕು ಚಾ ಕುಡಿದ. “ಹೋದ್ರೂ, ಆ ರಾಜೀವ ಕರ್ದ ಅಂದ್ ಹೋದ್ದ್. ಬರೀ ಚಾ.”

ಅಲಸಂಡೆ ಮುರಿಯುವ ಸದ್ದು.

“ಒಂದ್ ಗೋಳಿಬಜೆ ತಿಂದೆ. ಪ್ಲೇಟಂಗೆ ನಾಲ್ಕ್ ಇದ್ದಿತ್, ಬಿಟ್ರೆ ಹಾಳಾತಿತ್ತಲ್ದಾ? ಹ್ವಾಯ್, ಜಿಲೇಬಿ ಮಾತ್ರ ನಾ ಹೇಳಿದ್ದಲ್ಲ! ಅವನೇ ತರ್ಸಿದ್ದ್. ಶುಗರ್ ಇತ್ತ್ ಅಂದ್ ನಂಗೂ ಗೊತ್ತಿತ್ತ್. ಅರ್ಧ ಅವನಿಗೇ ಕೊಟ್ಟೆ. ಅರ್ಧ ಅಲ್ಲ, ಒಂದ್ ಸುತ್ತ್.”

ನಾಗು ಕಣ್ಣರಳಿಸಿದಳು. “ಜಿಲೇಬಿಯಾ! ಅಯ್ಯೋ ದೇವ್ರೆ, ನಾ ನಿಮ್ಮತ್ರ ಎಂತಾರೂ ಕೇಂಡ್ನಾ? ಅಂಗಿ ಗುಂಡಿ ತಪ್ಪ್‌ತಪ್ಪ್ ಹಾಕಂಡಿದ್ರಿ, ಹೀಂಗೇ ಕುಂದಾಪ್ರ ತಿರ್ಗಿ ಬಂದ್ರಲೆ ಅಂದ್ ಕಾಂತಿದ್ದೆ!”

ಆಮೇಲೆ ನಾಗು ಆಡಿದ ಮಾತುಗಳು ಅಮೆರಿಕದ ಪೊಲೀಸನಿಗೆ ಹೊಂದುವಂಥವು. ಭೋಜರಾಜ ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಖಾಲಿ ಲೋಟ ಹಿಡಿದು ಹೆಂಡತಿಯ ಮುಖವನ್ನು ಹೊಸದಾಗಿ ಕಂಡವನಂತೆ ನೋಡುತ್ತ ಕೂತಿದ್ದ.

ಮರುದಿನ ಅದೇ ದೃಶ್ಯ. ಅಡುಗೆಮನೆಯ ಮೇಜು, ಎರಡು ಕಪ್ ಚಹಾ, ಎದುರಿಗೆ ಕೊಲೆಗಾರ. ಕೊಲೆಯಾದ ದಿನ ತಾನು ಮನೆಯಲ್ಲೇ ಇದ್ದೆನೆಂದು ಅವನು ಹೇಳಿದ. ಇನ್‌ಸ್ಪೆಕ್ಟರ್ ಸುಮ್ಮನೆ ನೋಡಿದ. ಭೋಜರಾಜನ ಬಲಗೈ ಅಭ್ಯಾಸದಂತೆ ಮೇಲೆದ್ದಿತು. ಎದೆಯ ಮಟ್ಟಕ್ಕೆ ಬಂದು, ಏನೋ ನೆನಪಾದಂತೆ ನಿಂತು, ಮೆಲ್ಲಗೆ ಕೆಳಗಿಳಿಯಿತು. ಗಂಟಲಿಗೆ ಬಂದದ್ದನ್ನೆಲ್ಲ ಅವನು ನುಂಗಿಕೊಂಡ. ನುಂಗಿದ ಸಣ್ಣ ಸದ್ದನ್ನೂ ಮೈಕು ಹಿಡಿಯಿತು.

“ಹೌದಾ?” ಎಂದ.

ಪರದೆಯಲ್ಲಿ ಕೊಲೆಗಾರ ಕಪ್ ಕೆಳಗಿಟ್ಟ. ಗಾಜಿನ ಆಚೆ ರಮ್ಯಶ್ರೀ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆಮೇಲೆ ಮೈಕಿಗೆ ಬಾಗಿ, “ಮುಂದಿನ ದೃಶ್ಯಕ್ಕೆ ಹೋಪ, ಭೋಜಣ್ಣ,” ಎಂದಳು.

ಮುಂದಿನ ದೃಶ್ಯದಲ್ಲಿ ಇನ್‌ಸ್ಪೆಕ್ಟರ್ ಒಬ್ಬನೇ ಕಡಲಿಗೆ ಮುಖ ಮಾಡಿ ನಿಂತಿದ್ದ. ಹಾಳೆಯಲ್ಲಿ ಒಂದೂ ಮಾತಿರಲಿಲ್ಲ. ಭೋಜರಾಜ ಮೈಕಿಗೆ ಇನ್ನಷ್ಟು ಹತ್ತಿರ ಬಂದ. ಪರದೆಯವನು ಉಸಿರೆಳೆದಾಗ ಇವನೂ ಎಳೆದ, ಅವನು ಬಿಟ್ಟಾಗ ಇವನೂ ಬಿಟ್ಟ.