ರೀ, ಬಿಡ್ರಿ!

ಶಿವಾಜಿನಗರದ ಚಾಳಿನ ಅಂಗಳಕ್ಕೆ ಜೀಪು ಬಂದು ನಿಂತ ದಿನದಿಂದ ಶಾಮಲಾಗೆ ನೆಮ್ಮದಿ ಇಲ್ಲ. ಜೀಪು ಒಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಯುದ್ಧ ಮುಗಿಯಿತೆಂದು ಮಿಲಿಟರಿಯವರು ಹರಾಜಿಗೆ ಇಟ್ಟ ಸಾಮಾನಿನಲ್ಲಿ ಅವಳ ಗಂಡ ಮಾರ್ತಾಂಡ ಜೀಪಿನ ಹಿಂದೆ ಕಟ್ಟುವ ಟ್ರೇಲರನ್ನೂ ಎಳೆದುಕೊಂಡು ಬಂದಿದ್ದ. ಅತ್ತೆ ರಂಗೂಬಾಯಿ ಅದನ್ನು ಕಂಡವರೇ 'ಬಾಲಂಗೋಚಿ' ಎಂದು ಹೆಸರಿಟ್ಟರು. ಚಾಳಿನವರೆಲ್ಲ ಹಾಗೇ ಕರೆಯತೊಡಗಿದರು.

ಮಾರ್ತಾಂಡ ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುವವ. ಕಾಗದದ ಮೇಲೆ ಹೊಳೆ, ಗುಡ್ಡ ಎಳೆದೂ ಎಳೆದೂ, ಒಮ್ಮೆಯಾದರೂ ಅವುಗಳ ನಡುವೆ ಡೇರೆ ಹೊಡೆದು ಮಲಗಬೇಕೆಂಬ ಹುಚ್ಚು ಅವನಿಗೆ ಹತ್ತಿತ್ತು. ಹುಚ್ಚು ಅಂದರೆ ಅಂತಿಂಥದ್ದಲ್ಲ! ಟ್ರೇಲರಿಗೆ ಕಬ್ಬಿಣದ ಕಮಾನು ಬಗ್ಗಿಸಿ ತಾಡಪತ್ರಿ ಹೊದಿಸಿದ. ಹಿಂದಿನ ಬಾಗಿಲಿಗೆ ಅಡಿಗೆಯ ಪೆಟ್ಟಿಗೆ ಕೂಡಿಸಿ, ಅದರೊಳಗೆ ಸ್ಟೋವು ಅಲುಗದಂತೆ ಗೂಡು ಮಾಡಿದ. ಒಳಗೆ ತಾಯಿ ಮಲಗಲು ಹಗ್ಗದ ಮಂಚ. ಟ್ರೇಲರಿನ ತಳದ ಕೆಳಗೆ, ಎರಡು ಕಬ್ಬಿಣದ ಪಟ್ಟಿಗಳ ಮೇಲೆ, ಕುಡಿಯುವ ನೀರಿನ ದೊಡ್ಡ ಪೀಪಾಯಿ. ದಾರಿ ಇದ್ದಲ್ಲಿ ದಾರಿ, ಇಲ್ಲದಲ್ಲಿ ಹೊಲದ ಬದು. ಇಂದಾಪುರ, ಪಂಢರಪುರ, ವಿಜಾಪುರ, ಬಾದಾಮಿ ಎಂದು ತಾಯಿಯನ್ನು ತಿರುಗಿಸಿಕೊಂಡು ಬರುವುದು ಅವನ ಯೋಚನೆ.

"ಇಂದಾಪುರ ಆದಮ್ಯಾಲ ಆ ವಿಠೋಬನ ಊರು ಏನೋ?" ಎಂದು ರಂಗೂಬಾಯಿ ಕೇಳುತ್ತಿದ್ದರು. ಪಂಢರಪುರ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ತೀರಿಹೋದ ಗಂಡನ ಹೆಸರು ಪಂಢರಿನಾಥ. ಮಾರ್ತಾಂಡ ತೊಟ್ಟಿಲಲ್ಲಿದ್ದಾಗಲೇ, ಇಂದಾಪುರದ ಹತ್ತಿರ ಭೀಮಾ ಹೊಳೆಯಲ್ಲಿ ದೋಣಿ ಮಗುಚಿ ಹೋದವರು. ಗಂಡನ ಹೆಸರು ಹೆಂಡತಿಯ ಬಾಯಿಂದ ಬಿದ್ದರೆ ಅವನ ಆಯುಷ್ಯಕ್ಕೆ ಕುಂದು ಎಂದು ನಂಬಿದ ಹೆಂಗಸು, ಆಯುಷ್ಯವೇ ಮುಗಿದ ಮೇಲೂ ಆ ಹೆಸರಿಗೆ ಹೆದರುತ್ತಿದ್ದರು.

ಶಾಮಲಾ ಈ ವಿಷಯದಲ್ಲಿ ಅತ್ತೆಯ ಸೊಸೆಯೇ. ಮದುವೆಯಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ, ಒಡಪಿನಲ್ಲಿ ಗಂಡನ ಹೆಸರು ಹೇಳದೆ ಒಳಗೆ ಬಿಡೆವು ಎಂದು ಗದ್ದಲ ಮಾಡಿದ್ದರು. ಪ್ರಾಸದೊಳಗೆ ಮುಚ್ಚಿ ಹೇಳಿದರೆ ದೋಷವಿಲ್ಲವಂತೆ. ಅದಕ್ಕೂ ಅವಳು ಬಾಯಿ ಬಿಡಲಿಲ್ಲ. ಅವಳಿಗೆ ಅವನು 'ರೀ', ಅಷ್ಟೇ.

ತಾಯಿಯನ್ನು ಕೂಡಿಸುವ ಮೊದಲು ಗಾಡಿಯನ್ನು ಏರಿನಲ್ಲಿ ಪರೀಕ್ಷೆ ಮಾಡಬೇಕಲ್ಲ? ಭಾನುವಾರ ಬೆಳಿಗ್ಗೆ ಪೀಪಾಯಿ ತುಂಬಿಸಿ, ಡೇರೆ ಹೇರಿ, ಮಾರ್ತಾಂಡ ದಿವೇಘಾಟಿನ ಏರುದಾರಿಗೆ ಹೊರಟ. ಜೊತೆಗೆ ಗೆಳೆಯ ಶಿವಪುತ್ರಪ್ಪ. ಬೆಳಗಾವಿ ಕಡೆಯ ತಂಬಾಕಿನ ವ್ಯಾಪಾರಿ, ಆನೆಯಂಥ ಆಳು, ಬೆಣ್ಣೆಯಂಥ ಮನಸ್ಸು. ಮೋಟಾರು ನಡೆಸಲು ಕಲಿತದ್ದು ಮಾತ್ರ ಮೊನ್ನೆ ಮೊನ್ನೆ. ಶಾಮಲಾಳನ್ನು ಯಾರೂ ಕರೆದಿರಲಿಲ್ಲ. ಅವಳೇ ಸೆರಗು ಸಿಕ್ಕಿಸಿಕೊಂಡು ಹಿಂದೆ ಹತ್ತಿ ಕುಳಿತಳು. ಪೀಪಾಯಿಯ ಕೆಳಗಿನ ಆ ಪಟ್ಟಿಗಳ ನಟ್ಟು ಸಡಿಲ ಇದೆ ಎಂದು ಅವಳಿಗೆ ಅನುಮಾನ. ಹೇಳಿದರೆ ಅವನು ಕೇಳಬೇಕಲ್ಲ!

ಊರಂಚಿನ ಹಡಪಸರ ದಾಟುವವರೆಗೆ ಎಲ್ಲ ಸರಳ. ಘಾಟು ಹತ್ತಿದ ಮೇಲೆ ಹಿಂದಿನಿಂದ ಗಡಗಡ ಸದ್ದು ಶುರುವಾಯಿತು. ಒಂದು ತಿರುವಿನಲ್ಲಿ, ಎಡಕ್ಕೆ ಕಮರಿ ಬಲಕ್ಕೆ ಗುಡ್ಡ ಇರುವಲ್ಲಿ, ಪೀಪಾಯಿ ಒಂದು ಬದಿಗೆ ಜೋತುಬಿದ್ದು ನೆಲ ಕೆರೆಯತೊಡಗಿತು. ಮಾರ್ತಾಂಡ ಗಾಡಿ ನಿಲ್ಲಿಸಿ ಇಳಿದು ನೋಡಿದ.

"ಒಂದ ನಟ್ಟು ಬಿಗದ್ರ ಆತು. ಶಿವಪುತ್ರಪ್ಪ, ನೀ ಕೂತು ಬ್ರೇಕ್ ತುಳದ ಹಿಡಿ. ಹ್ಯಾಂಡಬ್ರೇಕ್ ಮ್ಯಾಲ ನನಗ ಭರವಸಿಲ್ಲ. ಇಂಜಿನ್ ಚಾಲೂ ಇರ್ಲಿ."

"ಇಲ್ಲೇ ಬ್ಯಾಡ್ರಿ," ಎಂದಳು ಶಾಮಲಾ. "ಸಪಾಟ ಜಾಗಾದಾಗ ಮಾಡೂಣು."

"ಪೀಪಾಯಿ ಬಿದ್ರ ಸಪಾಟ ಜಾಗಾದಾಗ ಏನ ಮಾಡ್ಲಿ, ಪೂಜಾ?" ಎಂದು ನಕ್ಕು ಅವನು ಜೀಪಿನ ಹಿಂದಿನ ಗಾಲಿಗೊಂದು ಕಲ್ಲು ಕೊಟ್ಟ. ಆಮೇಲೆ ಟ್ರೇಲರಿನ ಎಡಗಾಲಿಯ ಹಿಂದಿನಿಂದ ಒಳಗೆ ನುಸುಳಿದ. ತಲೆ, ಎದೆ ಒಳಗೆ. ಕಾಲು ಮಾತ್ರ ಹೊರಗೆ. ಶಾಮಲಾಳೂ ಇಳಿದು ಬಂದು ಬಗ್ಗಿ ನೋಡುತ್ತ ನಿಂತಳು.

ತುಂಬಿದ ಪೀಪಾಯಿಯನ್ನು ಅವನು ಒಂದು ಭುಜದಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ನಟ್ಟು ಬಿಗಿಯುವ ಪಾನಾ ತಿರುಗಿಸುತ್ತಿದ್ದ. ಪಟ್ಟಿ ಸರಕ್ಕನೆ ಜಾರಿತು. ಅದರ ಅಂಚು ಮಣಿಕಟ್ಟಿಗೆ ನಾಟಿ ರಕ್ತ ಮೊಣಕೈವರೆಗೆ ಇಳಿಯಿತು. ಆದರೂ ಪುಣ್ಯಾತ್ಮ ಪೀಪಾಯಿ ಬಿಡಲೊಲ್ಲ!

"ಅಯ್ಯೋ, ರಕ್ತ! ರೀ, ಬಿಡ್ರಿ! ಸಾಕು, ಬಿಡ್ರಿ!" ಎಂದು ಶಾಮಲಾ ಕೂಗಿದಳು.

ಅವಳು ಹೇಳಿದ್ದು ಪೀಪಾಯಿ ಬಿಡಲು. ಮುಂದೆ ಕೂತ ಶಿವಪುತ್ರಪ್ಪನಿಗೆ ಇಂಜಿನ್ನಿನ ಸದ್ದಿನಲ್ಲಿ ಕೇಳಿದ್ದು 'ಬಿಡ್ರಿ' ಒಂದೇ. ಊರಲ್ಲಿ ಮೋಟಾರಿನ ಕಂಡಕ್ಟರು ಗಾಡಿ ಹೊರಡಿಸುವಾಗ ಒದರುವುದೂ ಅದನ್ನೇ ತಾನೆ? ಕೆಲಸ ಮುಗಿಯಿತೆಂದುಕೊಂಡು ಅವನು ಬ್ರೇಕಿನಿಂದ ಕಾಲೆತ್ತಿ ಗಾಡಿ ಬಿಟ್ಟ. ಜೀಪು ಗಕ್ಕನೆ ಮುಂದಕ್ಕೆ ಜಿಗಿದು ಇಂಜಿನ್ ಬಂದಾಯಿತು. ಸಡಿಲವಾದ ಕಲ್ಲು ಉರುಳಿ ಕಮರಿಗೆ ಬಿತ್ತು. ಜೀಪು ಹಿಂದಕ್ಕೆ ಜಾರತೊಡಗಿತು, ಟ್ರೇಲರಿನ ಗಾಲಿ ಮಾರ್ತಾಂಡನ ಎದೆಯ ಕಡೆಗೆ.

"ರೀ! ಹಿಡೀರಿ! ಹಿಡೀರಿ!"

ಇದು ಶಿವಪುತ್ರಪ್ಪನಿಗೆ ಹೇಳಿದ್ದು, ಬ್ರೇಕು ಹಿಡಿ ಎಂದು. ಅವನೋ ಗಾಬರಿಯಲ್ಲಿ ಕ್ಲಚ್ಚನ್ನೇ ಬ್ರೇಕೆಂದು ತಿಳಿದು ಮೈಭಾರವೆಲ್ಲ ಹಾಕಿ ತುಳಿಯುತ್ತಿದ್ದ. ಕೇಳಿದವನು ಮಾರ್ತಾಂಡ. ಪೀಪಾಯಿ ಬೀಳುತ್ತಿದೆ, ಹಿಡಿ ಎನ್ನುತ್ತಿದ್ದಾಳೆ ಎಂದುಕೊಂಡು ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಗಾಲಿ ಬರುವುದು ಅವನಿಗೆ ಕಾಣುವಂತಿರಲಿಲ್ಲ.

"ರೀ! ಹೊರಗ ಬರ್ರಿ! ರೀ!"

"ಇಳಿಯಾಕ ಬರವಲ್ದು ವೈನೀ! ನಿಲ್ಲವಲ್ದು!" ಎಂದು ಶಿವಪುತ್ರಪ್ಪ ಮುಂದಿನಿಂದ ಅರಚಿದ. ಮಾರ್ತಾಂಡನ ಕಾಲು ಮಿಸುಕಲಿಲ್ಲ. ಅವಳು ಕರೆಯುತ್ತಿರುವುದು ಶಿವಪುತ್ರಪ್ಪನನ್ನು ಎಂದೇ ಅವನು ತಿಳಿದಿದ್ದ. ಇಬ್ಬರು ಗಂಡಸರು, ಇಬ್ಬರೂ ಅವಳಿಗೆ 'ರೀ'! ಹೆಸರು ಶಾಮಲಾಳ ಗಂಟಲಲ್ಲಿ ಬಂದು ನಿಂತಿತು. ಕರೆದರೆ ಆಯುಷ್ಯಕ್ಕೆ ಕುಂದು. ಕರೆಯದಿದ್ದರೆ ಆಯುಷ್ಯ ಎಲ್ಲಿಯದು?

"ಮಾರ್ತಾಂಡಾ! ಹೊರಗ ಬಾ!"

ಆ ಹೆಸರನ್ನು ಹಾಗೆ ಏಕವಚನದಲ್ಲಿ ಕರೆಯುವವರು ಲೋಕದಲ್ಲಿ ಒಬ್ಬರೇ, ಅವನ ತಾಯಿ. ಹುಡುಗನಾಗಿದ್ದಾಗ ಆ ದನಿಗೆ ಹೇಗೆ ಓಡಿ ಬರುತ್ತಿದ್ದನೋ ಹಾಗೇ, ಏನು ಎತ್ತ ಎಂದು ಯೋಚಿಸದೆ, ಪೀಪಾಯಿ ಕೈಬಿಟ್ಟು ಹೊರಗೆ ಉರುಳಿದ. ಗಾಲಿ ಅವನ ಅಂಗಿಯ ತುದಿಯ ಮೇಲೆ ಹಾಯಿತು. ಟ್ರೇಲರು ಅಡ್ಡ ತಿರುಗಿ ಗುಡ್ಡಕ್ಕೆ ಗುದ್ದಿ ನಿಂತಿತು. ಪೀಪಾಯಿ ಒಡೆದು ನೀರೆಲ್ಲ ರಸ್ತೆಯ ಮೇಲೆ ಹರಿಯಿತು. ಶಾಮಲಾ ಅಲ್ಲೇ ಕುಸಿದು, ಗಂಡನ ಹರಿದ ಅಂಗಿ ಹಿಡಿದುಕೊಂಡು ಗಳಗಳನೆ ಅತ್ತಳು. ಇಳಿದು ಬಂದ ಶಿವಪುತ್ರಪ್ಪನೂ ಅತ್ತ.

ಟ್ರೇಲರನ್ನು ಹೇಗೋ ಎಳೆದುಕೊಂಡು ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಮಗನ ಕೈಗೆ ಕಟ್ಟಿದ ಸೆರಗಿನ ಚೂರು ನೋಡಿ ರಂಗೂಬಾಯಿ ಬಾಗಿಲಲ್ಲೇ ನಿಂತರು. ಶಿವಪುತ್ರಪ್ಪ ಬಾಯಿ ಹಾಕುವ ಮೊದಲೇ ಶಾಮಲಾ ತಾನೇ ಎಲ್ಲ ಹೇಳಿಬಿಟ್ಟಳು. ಮುಚ್ಚಿಡುವುದು ಅವಳಿಂದಾಗದು.

"ಹೆಸರು ಹಿಡದು ಕರದಿ?" ಎಂದರು ರಂಗೂಬಾಯಿ.

"ಹೂಂರಿ ಅತ್ಯಾ."

"ಒಡಪು ಕಟ್ಟಿ?"

"ವ್ಯಾಳ್ಯಾ ಇರ್ಲಿಲ್ರಿ." ಶಾಮಲಾ ಗಂಡನ ಕೈಯ ಕಡೆ ನೋಡಿದಳು. "ಅವರ ಆಯುಷ್ಯಕ್ಕ ಏನರ ಆತಂದ್ರ ನಾ ಹ್ಯಾಂಗ ಬದುಕ್ಲಿ?"

ರಂಗೂಬಾಯಿ ಹೊಸ್ತಿಲ ಮೇಲೆ ಕುಳಿತರು. ಸೊಸೆಯನ್ನೂ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು.

"ನಾನೂ ಕರದಿದ್ದೆ. ಭೀಮಾ ದಂಡೀ ಮ್ಯಾಲ ನಿಂತು ರೀ, ರೀ, ಈ ಕಡೆ ಬರ್ರಿ ಅಂತ ಒದರಿದೆ. ನೀರಾಗ ಎಷ್ಟ ಮಂದಿ ಗಂಡಸರು! ಎಲ್ಲಾರೂ ನನ್ನ ಕಡೆ ಹೊಳ್ಳಿ ನೋಡಿದ್ರು, ಈಸಿ ಬಂದು ದಂಡಿ ಸೇರಿದ್ರು. ಅವರೊಬ್ಬರು ಹೊಳ್ಳಿ ನೋಡ್ಲಿಲ್ಲ. ಯಾರದೋ ಹೇಣ್ತಿ ಯಾರನ್ನೋ ಕರಿಯಾಕ ಹತ್ಯಾಳ ಅಂತ ಮಡುವಿನ ಕಡೆ ಈಸಿಕೋತ ಹೋದ್ರು."

ಮಾರ್ತಾಂಡ ತಾಯಿಯ ಮುಂದೆ ನೆಲದ ಮೇಲೆ ಕುಳಿತ. ರಂಗೂಬಾಯಿ ಅವನ ಕೈಯ ಗಂಟು ಬಿಚ್ಚಿ ಗಾಯ ನೋಡಿದರು, ಮತ್ತೆ ಬಿಗಿಯಾಗಿ ಕಟ್ಟಿದರು. ಅಂಗಳದಲ್ಲಿ ನುಗ್ಗಾಗಿ ನಿಂತ ಬಾಲಂಗೋಚಿಯ ಕಡೆ ಬಹಳ ಹೊತ್ತು ನೋಡಿದರು.

"ಅದನ್ನ ಲಗೂ ರಿಪೇರಿ ಮಾಡಸೋ," ಎಂದರು ಕೊನೆಗೆ. "ಪಂಢರಪುರಕ್ಕ ಹೋಗೂಣು."