ಐದರೊಳಗ ಚಾಲೂ ಆಗಬೇಕಿದ್ದ ಕಂಪ್ಯೂಟರ

ಮೂರು ಸಲ ಬಿಚ್ಚಿ ಮೂರು ಸಲ ಕೂಡ್ರಿಸಿದರೂ ಆ ದರಿದ್ರ ಕಂಪ್ಯೂಟರ ಒಂದೇ ರಾಗ ಎಳೀಲಕತ್ತಿತ್ತು. ಬೀಪ್, ಬೀಪ್, ಬೀಪ್. ಪಡದಿ ಮ್ಯಾಲ ಒಂದು ಗೆರಿ ಸುದ್ದಾ ಇಲ್ಲ.

ಮಚ್ಛೇಂದ್ರ ಡಾಬಕಾದ ಆಚಿ, ಮಹಾರಾಷ್ಟ್ರದ ಗಡಿಗೆ ಹತ್ತಿದ ಒಂದು ಸಣ್ಣ ಊರಿನ ಪಂಚಾಯತಿಯೊಳಗ ಆಪರೇಟರ. ಭಾಲ್ಕಿಯೊಳಗ ಆರು ತಿಂಗಳ ಕೋರ್ಸ ಮಾಡಿ ಬಂದಾವ, ಹಂಗಾಗಿ ಊರ ಮಂದಿಗೆ ಅವನೇ ಇಂಜಿನಿಯರ. ಎರಡು ಸಾವಿರದ ಹದಿನೈದನೇ ಇಸವಿ. ಮಳಿ ಮತ್ತ ಕೈಕೊಟ್ಟು, ಮಂದಿ ಕೂಲಿಗೆ ಪುಣೆ ಹಾದಿ ಹಿಡದು, ಊರಿನ ಅರ್ಧ ಮನಿಗೆ ಕೀಲಿ ಬಿದ್ದಿತ್ತು. ಉಳಿದ ಹದಿನೆಂಟು ಮನಿಯವರು ಕೆರಿ ಹೂಳು ತೆಗಿಯೋ ಸರಕಾರಿ ಕೆಲಸಕ್ಕ ಅರ್ಜಿ ಕೊಟ್ಟಿದ್ದರು. ಆ ಹೆಸರು ಇವತ್ತು ಸಂಜಿ ಐದರೊಳಗ ಸರಕಾರದ ವೆಬ್‌ಸೈಟಿಗೆ ಏರಿಸಿದರ ಸೋಮವಾರದಿಂದ ಕೆಲಸ. ಇಲ್ಲಾಂದರ ಮತ್ತ ಹದಿನೈದು ದಿನ ಕೇಳೋ ಹಂಗಿಲ್ಲ. ಅರ್ಜಿ, ಫೋಟೊ ಎಲ್ಲಾ ಈ ಡಬ್ಬಿಯೊಳಗೇ ಕುಂತಿದ್ದವು, ತಾಲೂಕಿನ ಊರು ಔರಾದಕ್ಕ ಹೋಗೋ ಬಸ್ಸೂ ಹೋಗಿಬಿಟ್ಟಿತ್ತು. ಗಂಟಿ ಮೂರೂವರಿ.

ಡಬ್ಬಿ ಹಳೇದು, ಒಂದು ಹೆಸರು ಏರಿಸಲಿಕ್ಕೆ ಅರ್ಧ ತಾಸು ತಿಂತಿತ್ತು. ಅದಕ್ಕೇ ಅವನು ಮುಂಜಾನಿ ಬೀದರಕ್ಕ ಹೋಗಿ, ಚಿದ್ರಿಯ ಜಹೀರೋದ್ದೀನನ ರಿಪೇರಿ ಅಂಗಡಿಯಿಂದ ಒಂದು ಸೆಕೆಂಡ್ ಹ್ಯಾಂಡ್ ರ್‍ಯಾಮ್ ತಂದಿದ್ದ. ಗೇಣಿಗಿಂತ ಗಿಡ್ಡ ಹಸರು ಪಟ್ಟಿ. ಅದನ್ನ ಹಾಕಿದರ ಯಂತ್ರಕ್ಕ ನೆನಪು ಹೆಚ್ಚಾಗಿ ಓಡತದ. ಜಹೀರ ಅಂಗಡಿಯಾಗ ಇರಲಿಲ್ಲ, ಅವನಪ್ಪ ಸುಭಾನ ಚಾಚಾ ತೆಗೆದು ಕೊಟ್ಟಿದ್ದ. ಹಳೇ ಪಟ್ಟಿ ಕಿತ್ತು ಇದನ್ನ ಕೂಡ್ರಿಸಿದ್ದೇ ತಡ, ಬೀಪ್. ಶ್ಯಾಣ್ಯಾತನ ಮಾಡಲಿಕ್ಕೆ ಹೋಗಿ ಇದ್ದದ್ದನ್ನೂ ಕೆಡಿಸಿಕೊಂಡ ನೋಡ್ರಿ!

ಹೊರಗ ಪುಣೆಗೆ ಹೋಗೋ ಟೆಂಪೊ ಹಾರ್ನ್ ಹೊಡೀಲಕತ್ತಿತ್ತು. ಕಂಪ್ಯೂಟರ ಕೆಟ್ಟದ್ದು ಕೇಳಿ ಅರ್ಜಿ ಕೊಟ್ಟವರೆಲ್ಲಾ ಗಂಟು ಕಟ್ಟಿ ಅದನ್ನ ಹತ್ತಲಕತ್ತಿದ್ದರು. ಕೂಲಿ ಮಂದಿನ್ನ ಕರಕೊಂಡು ಹೋಗೋ ಮುಕಾದಮ, ಭಾತಂಬ್ರಾದ ಕಾಶೀರಾಮ, ಬಾಗಿಲಿಗೆ ಬಂದು ಎರಡು ಸಲ ಹಣಿಕಿ ಹಾಕಿ ಹೋಗಿದ್ದ. ಈಗ ಅರ್ಜಿ ಕೊಟ್ಟವರೊಳಗ ಒಬ್ಬಾಕಿ, ಶಾಲುಬಾಯಿ, ಬಂದು ನಿಂತಳು. ಹಿಂದ ಅಕಿ ಸೊಸಿ ಶೇವಂತಾ, ದಿನ ತುಂಬಿದಾಕಿ, ಗ್ವಾಡಿ ಹಿಡಕೊಂಡು ನಿಂತಿದ್ದಳು.

"ಮಚ್ಛೇಂದ್ರಾ, ಖರೇ ಹೇಳಪಾ. ಹೋದ ಸಲ ಇಕಿ ಪುಣೆದಾಗ ಕಟ್ಟೋ ಬಿಲ್ಡಿಂಗಿನ ಬುಡಕ ಉಸುಕಿನ ಮ್ಯಾಲ ಹಡದಾಳ. ಆ ಕೂಸು ಮೂರು ದಿನ ಇತ್ತು. ಇಲ್ಲಿ ಕೆಲಸ ಸಿಗ್ತದಂದ್ರ ಟೆಂಪೊ ಬಿಟ್ಟುಬಿಡ್ತೇನಿ. ಆಗ್ತದೋ ಇಲ್ಲೋ?"

"ಆಗ್ತದ ಕಾಕು. ಬಿಟ್ಟುಬಿಡ್ರಿ."

ಯಾವ ಧೈರ್ಯಕ್ಕ ಅಂದನೋ ಅವನಿಗೇ ಗೊತ್ತಿಲ್ಲ. ಶಾಲುಬಾಯಿ ಹೋಗಲ್ಲ ಅಂದದ್ದು ಕೇಳಿ ಉಳಿದ ಹದಿನೇಳು ಮನಿಯವರೂ ಟೆಂಪೊದಿಂದ ಇಳದರು. ಕಾಶೀರಾಮ ಬೈಕೋತ ಬರೇ ಗಾಡಿ ಹೊಡಕೊಂಡು ಹೋದ. ಧೂಳು ಕಿಡಕಿಯೊಳಗ ಬಂತು.

ಹೊಸದರ ಗೊಡವಿನೇ ಬ್ಯಾಡಂತ ಮಚ್ಛೇಂದ್ರ ಹಳೇ ಪಟ್ಟಿನೇ ವಾಪಸ್ ಹಾಕಿದ. ಅದಕ್ಕೂ ಬೀಪ್. ನಿನ್ನೀತನಕ ನಡದದ್ದು! ಪಂಚಾಯತಿಗೆ ಇಂಟರನೆಟ್ಟಿನ ತಂತಿ ಇತ್ತು, ಆದರ ಫೋನಿಗೆ ನೆಟವರ್ಕ ಸಿಗೋದು ಟೇಬಲ್ ಮ್ಯಾಲ ಹತ್ತಿ ನಿಂತರ ಅಷ್ಟೇ. ಹತ್ತಿ ಜಹೀರಗ ಫೋನ ಹಚ್ಚಿ, ಸ್ಪೀಕರ ಚಾಲೂ ಮಾಡಿ ಕಪಾಟಿನ ನೆತ್ತಿ ಮ್ಯಾಲ ಇಟ್ಟು ಇಳದ.

"ಹಳೇದೂ ತಗೊಳ್ಳಲ್ಲೇನು?" ಜಹೀರ ಕೇಳಿದ. "ಹೊಸಾದು ಯಾವ ಖಾನಿಯೊಳಗ, ಯಾವ ಸ್ಲಾಟಿನಾಗ ಹಾಕಿದ್ದಿ?"

"ಎರಡರಾಗೂ ಹಾಕಿ ನೋಡೀನಿ, ಜಹೀರಭಾಯಿ."

"ಅದರ ಅಂಚಿನ ಬಂಗಾರದ ಬಣ್ಣದ ಹಲ್ಲು ಹ್ಯಾಂಗವ?"

"ಥಳಥಳ ಹೊಳೀತಾವ."

"ಎಂಟು ವರ್ಷದ ಮಾಲು ಅದು, ಯಾಕ ಹೊಳೀತದ? ಮೂಸಿ ನೋಡು."

ಮಚ್ಛೇಂದ್ರ ಮೂಸಿದ. ಕೊಬ್ಬರಿ ಎಣ್ಣಿ.

ಫೋನಿನ ಆ ಕಡಿ ತುಸು ಹೊತ್ತು ಗದ್ದಲ. ಆಮ್ಯಾಲ ಸುಭಾನ ಚಾಚಾನ ದನಿ ಬಂತು. "ಮಸಕ ಮಸಕ ಇತ್ತು ಬೇಟಾ. ಎಣ್ಣಿ ತಿಕ್ಕದೇ ಮಾಲು ಮನಿಯಿಂದ ಹೊರಗ ಕೊಟ್ಟವರಲ್ಲ ನಾವು. ಒಂದು ಕೈ ಹಚ್ಚಿ ಕೊಟ್ಟೆ. ತಪ್ಪಾತು."

ಚಾಚಾನದು ಐವತ್ತು ವರ್ಷ ಬಿದರಿ ಹೂಜಿ, ತಾಟು ಮಾಡಿದ ಕೈ. ಬಿದರಿ ಸಾಮಾನು ಕಪ್ಪಗ ಕಾಣಲೆಂದು ಕಡೀಕ ಎಣ್ಣಿ ತಿಕ್ಕೇ ಕೊಡೋದು. ರ್‍ಯಾಮ್ ಆದರೇನು, ಎಣ್ಣಿ ಅರಬಿ ಹುಡುಕಿಕೊಂಡು ಕೈ ತಾನೇ ಹೋಗಿತ್ತು. ಆ ಎಣ್ಣಿ ಎರಡೂ ಖಾನಿಗೆ ಹತ್ತಿ, ಬರಗಾಲದ ಧೂಳು ಅದಕ್ಕ ಮೆತ್ತಿ ರಾಡಿಯಾಗಿತ್ತು. ಮುದುಕನಿಗೆ ಬೈಲಿಕ್ಕೆ ಮಚ್ಛೇಂದ್ರನ ಹತ್ರ ಪುರಸೊತ್ತೂ ಇರಲಿಲ್ಲ, ಮನಸೂ ಆಗಲಿಲ್ಲ.

"ಕರೆಂಟ ತೆಗಿ," ಅಂದ ಜಹೀರ. "ಹಲ್ಲು ಪೆನ್ಸಿಲ್ ಅಳಸೋ ರಬ್ಬರಲೇ ಉಜ್ಜು. ಖಾನಿಗೆ ಸ್ಪಿರಿಟ್ ಬೇಕು."

ಶಾಲುಬಾಯಿಗೆ ಏನೂ ತಿಳೀಲಿಲ್ಲ, ಸ್ಪಿರಿಟ್ ಅಂದದ್ದು ಮಾತ್ರ ತಿಳೀತು. ಆಶಾ ಕಾರ್ಯಕರ್ತಿ ಕೇಶರಬಾಯಿ ಮನಿಗೆ ಓಡಿ ಹೋಗಿ ಬಾಟಲಿನೇ ಎತ್ತಿಕೊಂಡು ಬಂದಳು. ಲಗ್ನಪತ್ರಿಕಿಯ ತುಂಡಿಗೆ ತೆಳ್ಳನ್ನ ಅರಬಿ ಸುತ್ತಿ, ಸ್ಪಿರಿಟಿನಾಗ ಎದ್ದಿ, ಮಚ್ಛೇಂದ್ರ ಖಾನಿಯೊಳಗ ಮ್ಯಾಲ ಕೆಳಗ ಎಳದ. ಅರಬಿ ಕರ್ರಗಾಗಿ ಬಂತು. ಇನ್ನೊಂದು ಸುತ್ತಿದ, ಮತ್ತ ಎಳದ.

"ಒಣಗೋತನಕ ಬಟನ್ ಒತ್ತಬ್ಯಾಡ, ಸುಟ್ಟುಹೋಗ್ತದ. ಐದು ಮಿನಿಟ ಸುಮ್ಮ ಕೂಡು."

ಸುಮ್ಮ ಕೂಡೋದು ಅಂದರ ಹ್ಯಾಂಗ? ನಾಲ್ಕೂ ಹದಿನೆಂಟು. ಬಾಗಿಲಾಗ ಹದಿನೆಂಟು ಮನಿ ಮಂದಿ. ಎಲ್ಲಾರೂ ಅವನ ಬೆನ್ನು ನೋಡಿಕೋತ ನಿಂತಿದ್ದರು. ಸುಳ್ಳು ಹೇಳಿ ಟೆಂಪೊ ಕಳಿಸಿದೆನಲ್ಲಾ ಅಂತ ಅವನು ಗಡಿಯಾರದ ಮುಳ್ಳು ನೋಡಿಕೋತ ಕುಂತ.

ಎರಡೂ ಪಟ್ಟಿ ಕಟಕ್ಕಂತ ಕೂಡ್ರಿಸಿ ಬಟನ್ ಒತ್ತಿದ. ಒಂದೇ ಒಂದು ಸಣ್ಣ ಬೀಪ್. ಪಡದಿ ಮ್ಯಾಲ ಬಿಳೇ ಅಕ್ಷರ ಬಂದವು.

"ಹತ್ತಿತೇನು?" ಫೋನಿನಾಗ ಚಾಚಾ ಕೇಳಿದ. ಮಚ್ಛೇಂದ್ರ ಆಗಲೇ ಮೊದಲನೇ ಹೆಸರು ಬಡೀಲಕತ್ತಿದ್ದ. ಒಂದಕ್ಕ ಎರಡು ಮಿನಿಟಿಗಿಂತ ಕಮ್ಮಿ ಹಿಡೀತು. ಹದಿನೆಂಟನೇದು ಹೋದಾಗ ಐದಕ್ಕ ಮೂರು ಮಿನಿಟ ಕಮ್ಮಿ ಇತ್ತು.

"ಆತು ಕಾಕು. ಸೋಮವಾರದಿಂದ ಕೆಲಸ."

ಶಾಲುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಗ್ವಾಡಿ ಹಿಡಕೊಂಡು ನಿಂತಿದ್ದ ಶೇವಂತಾ ಆಗ ಮೆಲ್ಲಕ ಕೇಳಿದಳು.

"ಅಣ್ಣಾ, ಹಂಗಾದ್ರ ಈ ಸಲ ನಾ ಮನಿಯಾಗ ಹಡೀಬಹುದೇನ್ರಿ?"

ಮಚ್ಛೇಂದ್ರ ಹೂಂ ಅಂತ ಗೋಣು ಹಾಕಿದ.